ಪೆಟ್ಟಿಗೆಯಲ್ಲಿ ಹೊತ್ತ ರೈಲುದಾರಿ

ನಮ್ಮ ಕರಾವಳಿಯ ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಆಗ ನಾವು ಕಾಸರಗೋಡಿನವರೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕಲ್ಲಿಕೋಟೆಗೆ 1888ರಲ್ಲೇ ಬಂದಿದ್ದ ರೈಲಿಗೆ ಅಲ್ಲಿಂದ ಮಂಗಳೂರಿಗೆ ಬರಲು 19 ವರ್ಷ ಬೇಕಾಯಿತು. ಮದ್ರಾಸ್ ರೈಲ್ವೆ ಕಂಪೆನಿಯವರು ಅದನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಒಂದು ತುಂಡು ಮುಗಿಸಿ, ಅಲ್ಲಿವರೆಗೆ ರೈಲು ಓಡಿಸಿ, ಮತ್ತೆ ಮುಂದಿನ ತುಂಡು. ಹೀಗೆ ಹೊಳೆ ಹೊಳೆ ದಾಟಿ, ಕೊನೆಗೆ ನೇತ್ರಾವತಿಗೆ ಸೇತುವೆ ಹಾಕಿ ಊರು ಸೇರಿದರು. ರೈಲುದಾರಿ ಅಂದ್ರೆ ತುಂಡು ತುಂಡು ಜೋಡಿಸಿದ್ದು ಎಂಬುದನ್ನು ಓದುಗರು ನೆನಪಲ್ಲಿ ಇಟ್ಟುಕೊಳ್ಳಬೇಕು. ನಾನು ಹೇಳಹೊರಟದ್ದು ಆ ತುಂಡುಗಳ ಚರಿತ್ರೆಯನ್ನೇ. ಆದರೆ ದೊಡ್ಡ ರೈಲಿನದ್ದಲ್ಲ, ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಹೋಗುವ ಸಣ್ಣ ರೈಲಿನದ್ದು.

ಹೊತ್ತುಕೊಂಡು ಹೋಗುವ ರೈಲನ್ನು ಜಗತ್ತಿಗೆ ಕೊಟ್ಟವರಲ್ಲಿ ಒಬ್ಬ ಕೃಷಿಕನೂ ಇದ್ದಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಫ್ರಾನ್ಸ್ ದೇಶದಲ್ಲಿ ಪಾಲ್ ಡೆಕೊವಿಲ್ ಅಂತ ಒಬ್ಬ ದೊಡ್ಡ ಬೇಸಾಯಗಾರ. ಸಕ್ಕರೆ ತೆಗೆಯುವ ಬೀಟಿನ ಗಡ್ಡೆ ಬೆಳೆಯುತ್ತಿದ್ದ. 1875ರ ಸುಮಾರಿಗೆ ಒದ್ದೆ ಗದ್ದೆಯಲ್ಲಿ ಗಾಡಿ ಹೂತು ಬೆಳೆ ಹೊರಗೆ ತರಲಾಗದೆ ಹೋಯಿತು. ಆಗ ಅವನು ಎರಡು ಸಪೂರ ಹಳಿಗಳನ್ನು ಕಬ್ಬಿಣದ ಅಡ್ಡಪಟ್ಟಿಗೆ ಭದ್ರವಾಗಿ ಸೇರಿಸಿ, ಏಣಿಯ ಹಾಗೆ ತುಂಡುಗಳನ್ನು ಮಾಡಿಸಿದ. ಆಳುಗಳು ಅದನ್ನು ಎತ್ತಿ ಬೇಕಾದಲ್ಲಿ ಹಾಸುವುದು, ಕೆಲಸ ಮುಗಿದ ಮೇಲೆ ಕಿತ್ತು ಬೇರೆ ಗದ್ದೆಗೆ ಒಯ್ಯುವುದು. ಆಟಿ ತಿಂಗಳ ಕೆಸರಿನಲ್ಲಿ ನೇಜಿ ಹೊತ್ತವರಿಗೆ ಆ ಮನುಷ್ಯನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗಣಿಗೆ, ತೋಟಕ್ಕೆ, ಯುದ್ಧಕ್ಕೆ ಕೂಡಾ ಅಂಥ ಹಳಿ ಹೋಯಿತು.

ಆಟಿಕೆ ರೈಲಿನ ಕಥೆ ಬೇರೆ. ನಮ್ಮ ದೇಶದಲ್ಲಿ ಹೆಸರು ಹೋದದ್ದು ಗ್ವಾಲಿಯರ್ ಮಹಾರಾಜರ ಬೆಳ್ಳಿಯ ರೈಲು. ಅರಮನೆಯ ಊಟದ ಮೇಜಿನ ಸುತ್ತ ಓಡಿ ಅತಿಥಿಗಳಿಗೆ ಮದ್ಯ, ಚುಟ್ಟಾ ಹಂಚುತ್ತಿತ್ತಂತೆ. ಪುಣೆಯಲ್ಲಿ ಜೋಶಿ ಎಂಬವರ ಕಿರುರೈಲಿನ ಮ್ಯೂಸಿಯಮ್ 1998ರಿಂದ ಉಂಟು. ಅಲ್ಲಿ ರೈಲು ಮಾತ್ರವಲ್ಲ, ಒಂದು ಪೇಟೆಯನ್ನೇ ಸಣ್ಣದು ಮಾಡಿ ಇಟ್ಟಿದ್ದಾರೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ 1979ರದ್ದು. ನಮ್ಮ ಶಾಲಾಮಕ್ಕಳು ಪ್ರವಾಸ ಹೋದಾಗ ನೋಡುವುದು ಅದನ್ನೇ.

ಇನ್ನು ಬಹಳ ಸಣ್ಣ ರೈಲಿಗೆ ಬರುವ. ಜರ್ಮನಿಯ ನ್ಯೂರೆಂಬರ್ಗಿನ ಆರ್ನಾಲ್ಡ್ ಎಂಬ ಕಂಪೆನಿ 1960ರ ದಶಕದಲ್ಲಿ ಎರಡು ಹಳಿಗಳ ನಡುವೆ ಬರೇ 9 ಮಿಲಿಮೀಟರ್ ಅಂತರ ಇರುವ ರೈಲನ್ನು ಮಾರಾಟಕ್ಕೆ ತಂದಿತು. ಇದನ್ನು ಎನ್ ಅಳತೆ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ನೈನ್, ಜರ್ಮನಿನಲ್ಲಿ ನೊಯ್ನ್, ಫ್ರೆಂಚಿನಲ್ಲಿ ನೆಫ್, ಎಲ್ಲ ಕಡೆ ಒಂಬತ್ತಕ್ಕೆ ನಕಾರವೇ ಮೊದಲು. ನಮ್ಮ ನವರಾತ್ರಿಯ ನವವೂ ಹಾಗೆಯೇ ಅಲ್ಲವೇ?

ಈ ಲೆಕ್ಕ ನನಗೆ ಗೊತ್ತಾದದ್ದು ನನ್ನ ಅಳಿಯನಿಂದ. ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. “ಮಾವ, ಇದರಲ್ಲಿ ಎಲ್ಲವೂ ನೂರರುವತ್ತರಲ್ಲಿ ಒಂದು ಪಾಲು” ಅಂದ. ಏಳನೇ ಕ್ಲಾಸಿನ ಗಣಿತ ನನಗೆ ಅಷ್ಟಕ್ಕೆ ಸಾಕು. 160 ಸೆಂಟಿಮೀಟರ್ ಎತ್ತರದ ಮನುಷ್ಯ ಇದರಲ್ಲಿ ಒಂದು ಸೆಂಟಿಮೀಟರ್. 20 ಮೀಟರ್ ಎತ್ತರದ ತೆಂಗಿನಮರ ಹನ್ನೆರಡೂವರೆ ಸೆಂಟಿಮೀಟರ್. ನಿಜವಾದ ಒಂದು ರೈಲು ಡಬ್ಬಿ ಸುಮಾರು 14 ಸೆಂಟಿಮೀಟರ್, ನನ್ನ ಒಂದು ಗೇಣಿಗಿಂತ ಗಿಡ್ಡ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ 46 ಕಿಲೋಮೀಟರ್. ಅದು ಇಲ್ಲಿ 290 ಮೀಟರಿಗೂ ಸ್ವಲ್ಪ ಕಡಿಮೆ. ನನ್ನ ಮನೆಯಿಂದ ತೋಟ ದಾಟಿ ಮಾರ್ಗಕ್ಕೆ ಹೋದಷ್ಟು ದೂರ!

ಅಷ್ಟು ಉದ್ದದ್ದನ್ನು ಯಾರ ಮನೆಯಲ್ಲಿ ಇಡುವುದು? ಈ ಪ್ರಶ್ನೆಗೆ ದಾರಿ ಕಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವರು, 1970ರ ದಶಕದಲ್ಲಿ. ಒಬ್ಬನೇ ಇಡೀ ದಾರಿ ಕಟ್ಟುವುದು ಬೇಡ, ಒಬ್ಬೊಬ್ಬ ಒಂದೊಂದು ತುಂಡು ಕಟ್ಟಲಿ, ವರ್ಷಕ್ಕೊಮ್ಮೆಯೋ ಎರಡು ಸಲವೋ ಒಂದು ಕಡೆ ತಂದು ಜೋಡಿಸುವ ಅಂದರು. ಆ ಪದ್ಧತಿಗೆ ಎನ್‌ಟ್ರಾಕ್ ಎಂದು ಹೆಸರು. ಒಂದು ತುಂಡು ಸಾಮಾನ್ಯವಾಗಿ ನಾಲ್ಕಡಿ ಉದ್ದ, ಎರಡಡಿ ಅಗಲ. ಹಳಿ ನೆಲದಿಂದ 40 ಇಂಚು ಎತ್ತರದಲ್ಲಿರಬೇಕು. ಎದುರಿನ ಅಂಚಿನಿಂದ 4 ಇಂಚಿಗೆ ಒಂದು ದಾರಿ, ಐದೂವರೆಗೆ ಒಂದು, 7ಕ್ಕೆ ಒಂದು. ಈ ಮೂರಕ್ಕೆ ಕೆಂಪು, ಹಳದಿ, ನೀಲಿ ಎಂದು ಗುರುತು. ಹಳಿಯನ್ನು ಹಲಗೆಯ ತುದಿಯವರೆಗೆ ತರುವುದಿಲ್ಲ, ಸ್ವಲ್ಪ ಈಚೆಗೆ ನಿಲ್ಲಿಸುತ್ತಾರೆ. ಎರಡು ತುಂಡುಗಳನ್ನು ಒತ್ತಿಟ್ಟು, ಬಡಗಿಗಳ ಹಿಡಿಕೆಯಿಂದ ಬಿಗಿದು, ನಡುವಿನ ಸಂದಿಗೆ ಸಣ್ಣ ಹಳಿಯ ತುಂಡನ್ನು ಕೂರಿಸಿದರೆ ದಾರಿ ಕೂಡಿತು. ನೆಲ ಏರುತಗ್ಗು ಇದ್ದರೆ ಕಾಲಿನ ಅಡಿಯ ಬೋಲ್ಟು ತಿರುಗಿಸಿ ಮಟ್ಟ ಮಾಡುವುದು. ವಯರಿಗೂ ಎಲ್ಲರದ್ದೂ ಒಂದೇ ತರದ ಪ್ಲಗ್ಗು.

ಇಷ್ಟು ಬಿಟ್ಟರೆ ಉಳಿದದ್ದಕ್ಕೆ ಕಟ್ಟಳೆ ಇಲ್ಲ. ಹಿಂದಿನ ಜಾಗದಲ್ಲಿ ಒಬ್ಬ ಗುಡ್ಡ ಮಾಡಿದ, ಒಬ್ಬ ಪೇಟೆ ಮಾಡಿದ, ಒಬ್ಬ ಹೊಳೆ ಮಾಡಿದ. ಜಪಾನಿನಲ್ಲಿ ಹುಟ್ಟಿದ ಇನ್ನೊಂದು ಪದ್ಧತಿಯಲ್ಲಿ ತುಂಡು ಬರೇ ಒಂದಡಿಯದ್ದು, ಕಾಲೂ ಬೇಡ, ಮೇಜಿನ ಮೇಲೆ ಸಾಲಾಗಿ ಇಟ್ಟರೆ ಆಯ್ತು.

ಇದನ್ನು ಕೇಳುವಾಗ ನನಗೆ ಅನ್ನಿಸಿದ್ದು, ಇದು ನಮಗೆ ಹೊಸತಲ್ಲ ಎಂದು. ನಾನು ಹಾಡುವವ. ಬೇರೆ ಬೇರೆ ಊರಿನ ನಾಲ್ಕು ಜನ ಹಾಡುಗಾರರು ಮೊದಲ ಸಲ ಒಂದೇ ಚಾಪೆಯಲ್ಲಿ ಕೂತರೂ ಹಾಡು ಕೂಡುತ್ತದೆ. ಯಾಕೆ? ಶ್ರುತಿ ಒಂದು, ತಾಳ ಒಂದು. ಅದರ ಒಳಗೆ ಅವರವರ ಕಂಠ ಅವರವರದ್ದು. ಯಕ್ಷಗಾನದ ಮೇಳವೂ ಹಾಗೆ. ಕಿರೀಟ, ಭುಜಕೀರ್ತಿ, ಚೆಂಡೆ, ಮದ್ದಳೆ ಎಲ್ಲ ಪೆಟ್ಟಿಗೆಗೆ ತುಂಬಿ, ಇವತ್ತು ಕುಂಬಳೆ, ನಾಳೆ ಪುತ್ತೂರು. ನಮ್ಮ ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ತೆಂಕುತಿಟ್ಟಿನ ವೇಷಗಳನ್ನೇ ಸಣ್ಣದು ಮಾಡಿ, ಪೆಟ್ಟಿಗೆಗೆ ಹಾಕಿ, ಹೊರದೇಶಗಳಿಗೆ ಹೋಗಿ ಆಡಿಸಿ ಬಂದಿದ್ದಾರೆ. ದೊಡ್ಡದನ್ನು ಸಣ್ಣದು ಮಾಡಿ ಹೊತ್ತೊಯ್ಯುವ ವಿದ್ಯೆ ಈ ಮಣ್ಣಿನಲ್ಲಿ ಉಂಟು.

ಅಳತೆ ಒಂದಾಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಹತ್ತಿರವೇ ಸಾಕ್ಷಿ. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿದು ಬಂದ ರೈಲು ಮೀಟರ್ ಗೇಜಿನದ್ದು. ನಮ್ಮ ಕರಾವಳಿಯದ್ದು ಐದಡಿ ಆರಿಂಚಿನ ಬ್ರಾಡ್ ಗೇಜ್. ಒಂದೇ ಊರಿಗೆ ಎರಡು ರೈಲು ಬಂದರೂ ಒಂದರ ಡಬ್ಬಿ ಇನ್ನೊಂದರ ಹಳಿಗೆ ಹತ್ತದು. ಸಾಮಾನು ಇಳಿಸಿ ಮತ್ತೆ ತುಂಬಬೇಕು. ಕೊನೆಗೆ ಆ ಘಟ್ಟದ ದಾರಿಯನ್ನೂ ಅಗಲ ಮಾಡಬೇಕಾಯಿತು. ಎನ್ ಅಳತೆಯಲ್ಲೂ ಈ ತೊಡಕು ಉಂಟು. 9 ಮಿಲಿಮೀಟರ್ ಎಂಬುದು ಯುರೋಪಿನ ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜನ್ನು 160ರಿಂದ ಭಾಗಿಸಿದರೆ ಹತ್ತೂವರೆ ಬರುತ್ತದೆ. ಹಾಗಾಗಿ ನಮ್ಮ ರೈಲನ್ನು 9ರ ಮೇಲೆ ಓಡಿಸುವಾಗ ಒಂದೂವರೆ ಮಿಲಿಮೀಟರಿನಷ್ಟು ಕಣ್ಣುಮುಚ್ಚಬೇಕು. ಕೂಡಿ ಓಡಬೇಕಾದರೆ ಅಷ್ಟು ರಾಜಿ ಬೇಕು ಮಾರಾಯ್ರೆ.

ನಮ್ಮ ಅಧ್ಯಾಪಕರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ ಒಂದು ಸಂಗತಿ ಹೇಳುತ್ತೇನೆ. ಶಾಸ್ತ್ರಮೇಳಕ್ಕೆ ಮಕ್ಕಳು ಮಾದರಿ ಮಾಡುವುದು ನಿಮಗೆ ಗೊತ್ತು. ಕೆಲವು ವರ್ಷದ ಹಿಂದೆ ಒಂದು ಶಾಲೆಯ ಮಕ್ಕಳು ತಮ್ಮ ಊರಿನ ಸ್ಟೇಷನ್ನು, ಹೊಳೆ, ಗದ್ದೆ ಎಲ್ಲವನ್ನೂ ಆರಡಿಯ ಒಂದೇ ಹಲಗೆಯ ಮೇಲೆ ಎರಡು ತಿಂಗಳು ಕೂತು ಮಾಡಿದ್ದರು. ಹೊರಡುವ ದಿನ ಅದು ಜೀಪಿನ ಒಳಗೆ ಹೋಗಲೇ ಇಲ್ಲ. ಮೇಲೆ ಕಟ್ಟಿದರು. ತುಲಾಮಾಸದ ಗುಡುಗು ಮಳೆ ಬಂತು. ಮೇಳದ ಅಂಗಳದಲ್ಲಿ ಇಳಿಸುವಾಗ ಗದ್ದೆಯ ಬಣ್ಣ ಹೊಳೆಗೆ ಇಳಿದಿತ್ತು, ಸ್ಟೇಷನ್ನು ಮಗುಚಿ ಬಿದ್ದಿತ್ತು. ಒಂದು ಹುಡುಗಿ ಅದನ್ನು ಸೆರಗಿನಿಂದ ಮುಚ್ಚಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ಮೂರು ತುಂಡು ಮಾಡಿದ್ದರೆ? ಎರಡು ತುಂಡುಗಳನ್ನು ಮುಖಕ್ಕೆ ಮುಖ ಇಟ್ಟು, ತುದಿಗೆ ಹಲಗೆ ಬಡಿದರೆ ಅದೇ ಒಂದು ಪೆಟ್ಟಿಗೆ. ಮರಗಳು, ಮನೆಗಳು ಒಳಗೆ ಸುಖವಾಗಿ ಇರುತ್ತವೆ. ಈ ರೈಲಿನವರು ಸಾಗಿಸುವುದು ಹಾಗೆಯೇ.

ಇನ್ನೊಂದು ಕಾರಣವೂ ಉಂಟು. ನಮ್ಮ ಕಣ್ಣೆದುರೇ ಹೆದ್ದಾರಿ ಆರು ಪಥ ಆಗುತ್ತಿದೆ. ಗುಡ್ಡ ಕಡಿದರು, ಮಾರ್ಗದ ಬದಿಯ ಮರಗಳು ಹೋದವು, ಹಳೆ ಹೆಂಚಿನ ಅಂಗಡಿಗಳು ಹೋದವು. ಮಾರ್ಗ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಏನಿತ್ತು ಎಂಬುದು ಇವತ್ತು ಅರುವತ್ತು ದಾಟಿದವರ ತಲೆಯಲ್ಲಿ ಮಾತ್ರ ಉಂಟು. ನಾವು ಹೋದರೆ ಅದೂ ಹೋಯಿತು. ಫೋಟೋದಲ್ಲಿ ಅಂಗಡಿಯ ಮುಖ ಕಾಣುತ್ತದೆ, ಹಿಂದಿನ ಬಾವಿ, ಬಾವಿಯಿಂದ ಗದ್ದೆಗೆ ಇಳಿಯುವ ಮೆಟ್ಟಿಲು ಕಾಣುವುದಿಲ್ಲ. ಮಾದರಿಯಲ್ಲಿ ಸುತ್ತ ಬಂದು ನೋಡಬಹುದು.

ಕಾಸರಗೋಡಿನಿಂದ ಮಂಗಳೂರಿನವರೆಗೆ ಪೂರಾ ಮಾಡಲು ನಾಲ್ಕಡಿಯ 236 ತುಂಡು ಬೇಕು. ಅಷ್ಟು ನಮ್ಮಿಂದ ಆಗದು, ಬೇಡ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, ಮಂಗಳೂರು, ಹೀಗೆ ಸ್ಟೇಷನಿಗೆ ಒಂದು. ನಡುವೆ ಮೊಗ್ರಾಲು, ಶಿರಿಯ, ಉಪ್ಪಳ, ಮಂಜೇಶ್ವರ, ನೇತ್ರಾವತಿ, ಹೀಗೆ ಹೊಳೆಗೆ ಒಂದು. ಹನ್ನೊಂದೇ ತುಂಡು. ಒಂದೊಂದು ಊರಿನ ಶಾಲೆಯೋ ವಾಚನಾಲಯವೋ ಒಂದೊಂದನ್ನು ಹಿಡಿದರೆ ಮುಗಿಯಿತು. ಓಡುವ ರೈಲಿಗೆ ದುಡ್ಡು ಬೇಕು, ಅದು ಆಮೇಲೆ ನೋಡುವ. ಹಳಿ ಕೂಡುವ ಅಂಚಿನ ಅಳತೆಯನ್ನು ಮಾತ್ರ ಮೊದಲೇ ಎಲ್ಲರೂ ಒಪ್ಪಿ ಒಂದು ಹಾಳೆಯಲ್ಲಿ ಬರೆದಿಡಬೇಕು.

ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾಲ್ಕಡಿಯ ಹಲಗೆ ಒಂದು ಉಂಟು, ಗೆದ್ದಲು ಹಿಡಿದಿಲ್ಲ. ರೈಲ್ವೆ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದ ಹಿರಿಯರು ಇನ್ನೂ ಇಬ್ಬರು ನಮ್ಮ ಊರಿನಲ್ಲಿ ಇದ್ದಾರೆ. ಮಕ್ಕಳು ಪುಸ್ತಕ, ಪೆನ್ಸಿಲು ಹಿಡಿದು ಮೊದಲು ಅವರಲ್ಲಿಗೆ ಹೋಗಲಿ. ಹಲಗೆ ಕಾಯುತ್ತದೆ, ಅವರ ಪ್ರಾಯ ಕಾಯುವುದಿಲ್ಲ.