ಮೊಬೈಲ್ ಜಾಲದ ತಲೆಮಾರುಗಳ ವ್ಯಾಖ್ಯೆ

ಮೊಬೈಲ್ ಜಾಲದ ತಲೆಮಾರುಗಳು ಎಂದರೆ ಸಂಚಾರಿ ದೂರವಾಣಿ ತಂತ್ರಜ್ಞಾನದ ಬೆಳವಣಿಗೆಯ ಹಂತಗಳನ್ನು ಸೂಚಿಸುವ 1ಜಿ, 2ಜಿ, 3ಜಿ, 4ಜಿ ಮತ್ತು 5ಜಿ ಎಂಬ ಹೆಸರುಗಳು. 'ಜಿ' ಎಂಬುದು ತಲೆಮಾರು ಎಂಬ ಅರ್ಥದ 'ಜನರೇಷನ್' ಪದದ ಸಂಕ್ಷಿಪ್ತ ರೂಪ. ಜನಬಳಕೆಯಲ್ಲಿ ಇವು ವೇಗದ ಅಳತೆಗಳೆಂದು ತೋರಿದರೂ ಯಾವುದೇ ಹೆಸರು ಬಳಕೆದಾರನಿಗೆ ನಿರ್ದಿಷ್ಟ ವೇಗದ ಖಾತರಿ ನೀಡುವುದಿಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು), ಮಾನಕಗಳನ್ನು ರೂಪಿಸುವ 3ಜಿಪಿಪಿ ಮತ್ತು ಸೇವಾ ಕಂಪನಿಗಳು ಈ ಹೆಸರುಗಳನ್ನು ಭಿನ್ನ ಅರ್ಥಗಳಲ್ಲಿ ಬಳಸಿರುವುದೇ ಗೊಂದಲಕ್ಕೆ ಮುಖ್ಯ ಕಾರಣ.

ಅಧಿಕೃತ ಹೆಸರುಗಳು

ಐಟಿಯು ತನ್ನ ಮಾನಕಗಳಿಗೆ ಐಎಂಟಿ-2000, ಐಎಂಟಿ-ಅಡ್ವಾನ್ಸ್ಡ್ ಮತ್ತು ಐಎಂಟಿ-2020 ಎಂಬ ಹೆಸರುಗಳನ್ನಿಟ್ಟಿದೆ. ಇವು ಕ್ರಮವಾಗಿ 3ಜಿ, 4ಜಿ ಮತ್ತು 5ಜಿಗೆ ಸಂವಾದಿಯೆಂದು ಪರಿಗಣಿತವಾಗಿವೆ. 1ಜಿ ಮತ್ತು 2ಜಿ ಎಂಬ ಹೆಸರುಗಳು ರೂಢಿಯಿಂದ ಬಂದವು. ಧ್ವನಿಯನ್ನು ಅನಲಾಗ್ ರೂಪದಲ್ಲಿ ಸಾಗಿಸುತ್ತಿದ್ದ ಜಾಲಗಳು 1ಜಿ ಎನಿಸಿಕೊಂಡವು; 1991ರಲ್ಲಿ ಫಿನ್ಲೆಂಡ್‌ನಲ್ಲಿ ಆರಂಭವಾದ ಜಿಎಸ್‌ಎಂನಂತಹ ಡಿಜಿಟಲ್ ಜಾಲಗಳು 2ಜಿ ಎನಿಸಿಕೊಂಡವು. 2.5ಜಿ, 2.75ಜಿ ಎಂಬವು ಮಾನಕಗಳ ಹೆಸರುಗಳಲ್ಲ.

ಗೊಂದಲದ ಪ್ರಮುಖ ಪ್ರಸಂಗಗಳು

3ಜಿ: ಸಿಡಿಎಂಎ2000 1ಎಕ್ಸ್ ಮತ್ತು ಎಡ್ಜ್ ತಂತ್ರಜ್ಞಾನಗಳು ಐಎಂಟಿ-2000 ಕುಟುಂಬಕ್ಕೆ ಸೇರಿದ್ದವು. ಆದರೂ ವ್ಯವಹಾರದಲ್ಲಿ ಇವನ್ನು ಸಾಮಾನ್ಯವಾಗಿ 2ಜಿಯ ಸುಧಾರಿತ ರೂಪಗಳೆಂದೇ ಕರೆಯಲಾಯಿತು.

4ಜಿ: 2008ರಲ್ಲಿ ಐಟಿಯು ಐಎಂಟಿ-ಅಡ್ವಾನ್ಸ್ಡ್‌ಗೆ ವೇಗವಾಗಿ ಚಲಿಸುವಾಗ ಸೆಕೆಂಡಿಗೆ 100 ಮೆಗಾಬಿಟ್, ನಿಧಾನವಾಗಿ ಚಲಿಸುವಾಗ 1 ಗಿಗಾಬಿಟ್ ಗರಿಷ್ಠ ವೇಗದ ಗುರಿಯನ್ನು ಇರಿಸಿತು. 2009ರಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಆರಂಭವಾದ ಎಲ್‌ಟಿಇ ಈ ಮಟ್ಟವನ್ನು ಮುಟ್ಟಿರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಎಲ್‌ಟಿಇ-ಅಡ್ವಾನ್ಸ್ಡ್ ಮತ್ತು ವೈರ್‌ಲೆಸ್‌ಮ್ಯಾನ್-ಅಡ್ವಾನ್ಸ್ಡ್ ಎಂಬ ಎರಡು ತಂತ್ರಜ್ಞಾನಗಳು ಮಾತ್ರ ಅರ್ಹವೆಂದು ಒಕ್ಕೂಟ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, 4ಜಿ ಎಂಬ ಪದಕ್ಕೆ ವ್ಯಾಖ್ಯೆ ಇಲ್ಲದಿದ್ದರೂ ಅದನ್ನು ಎಲ್‌ಟಿಇ, ವೈಮ್ಯಾಕ್ಸ್ ಮತ್ತು ಸುಧಾರಿತ 3ಜಿ ತಂತ್ರಜ್ಞಾನಗಳಿಗೂ ಅನ್ವಯಿಸಬಹುದೆಂದು ಒಪ್ಪಿಕೊಂಡಿತು. ಹೀಗೆ ಮಾರುಕಟ್ಟೆಯ ರೂಢಿಯೇ ಮಾನ್ಯತೆ ಪಡೆಯಿತು.

5ಜಿ: ದಕ್ಷಿಣ ಕೊರಿಯದಲ್ಲಿ 2019ರ ಏಪ್ರಿಲ್‌ನಲ್ಲಿಯೇ ವಾಣಿಜ್ಯ ಸೇವೆ ಆರಂಭವಾಯಿತು; ಐಟಿಯುವಿನ ಅಂತಿಮ ಶಿಫಾರಸು ಪ್ರಕಟವಾದದ್ದು 2021ರ ಫೆಬ್ರವರಿಯಲ್ಲಿ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿಯು ಸುಧಾರಿತ 4ಜಿ ಜಾಲಕ್ಕೆ '5ಜಿ ಇ' ಎಂಬ ಗುರುತು ತೋರಿಸಿ ಟೀಕೆಗೆ ಒಳಗಾಯಿತು.

ಭಾರತದಲ್ಲಿ

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಎಂಟಿಎನ್‌ಎಲ್ 2008ರಲ್ಲಿ, ಬಿಎಸ್‌ಎನ್‌ಎಲ್ 2009ರಲ್ಲಿ 3ಜಿ ಸೇವೆ ಆರಂಭಿಸಿದವು. ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 4ಜಿ ಸೇವೆ ಒದಗಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೊ ಜಾಲದಲ್ಲಿ 2ಜಿ, 3ಜಿ ಇರಲಿಲ್ಲ; ಕರೆಗಳೂ ವೋಲ್ಟೆ ವಿಧಾನದಲ್ಲಿಯೇ ಸಾಗುತ್ತಿದ್ದವು. ಆದ್ದರಿಂದ ವೋಲ್ಟೆ ಇಲ್ಲದ ಫೋನ್, '4ಜಿ' ಎಂದು ಮಾರಾಟವಾಗಿದ್ದರೂ, ಹೆಚ್ಚುವರಿ ಆ್ಯಪ್‌ನ ನೆರವಿಲ್ಲದೆ ಆ ಜಾಲದಲ್ಲಿ ಕರೆ ಮಾಡಲಾರದಾಗಿತ್ತು.

5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ದೊರೆಯಿತು. ಆರಂಭದಲ್ಲಿ ಜಿಯೊ ಸ್ವತಂತ್ರ 5ಜಿ ವಿಧಾನವನ್ನೂ ಏರ್‌ಟೆಲ್ 4ಜಿ ಜಾಲವನ್ನು ಆಧರಿಸಿದ ವಿಧಾನವನ್ನೂ ಆರಿಸಿಕೊಂಡವು. ಎರಡನೆಯ ವಿಧಾನದಲ್ಲಿ ದತ್ತಾಂಶವು ಆ ಕ್ಷಣ 4ಜಿ ಮೂಲಕ ಹರಿಯುತ್ತಿದ್ದರೂ ಪರದೆಯ ಮೇಲೆ 5ಜಿ ಗುರುತು ಕಾಣಿಸಬಹುದು.

ಬೀದರ್ ಗಡಿ ಪ್ರದೇಶ

ಪರವಾನಗಿಗಳು ದೂರಸಂಪರ್ಕ ವಲಯವಾರು ಹಂಚಿಕೆಯಾಗಿರುವುದರಿಂದ ಗಡಿ ಜಿಲ್ಲೆಗಳಲ್ಲಿ ಗೊಂದಲ ಇಮ್ಮಡಿಯಾಗುತ್ತದೆ. ಬೀದರ್ ಜಿಲ್ಲೆ ಕರ್ನಾಟಕ ವಲಯದಲ್ಲಿದೆ. ಭಾಲ್ಕಿ, ಔರಾದ್ ತಾಲ್ಲೂಕುಗಳು ಮಹಾರಾಷ್ಟ್ರಕ್ಕೆ ಹೊಂದಿಕೊಂಡಿವೆ. 2010ರ ಹರಾಜಿನಲ್ಲಿ ಕರ್ನಾಟಕದ 3ಜಿ ತರಂಗಾಂತರ ಏರ್‌ಟೆಲ್, ಏರ್‌ಸೆಲ್ ಮತ್ತು ಟಾಟಾ ಕಂಪನಿಗಳಿಗೆ ದೊರೆತರೆ, ಮಹಾರಾಷ್ಟ್ರದ್ದು ಟಾಟಾ, ಐಡಿಯಾ ಮತ್ತು ವೊಡಾಫೋನ್ ಕಂಪನಿಗಳಿಗೆ ದೊರೆಯಿತು. ಹೀಗಾಗಿ ಗಡಿಯ ಒಂದು ಬದಿಯಲ್ಲಿ ಸ್ವಂತ 3ಜಿ ತರಂಗಾಂತರವಿದ್ದ ಕೆಲವು ಕಂಪನಿಗಳಿಗೆ ಇನ್ನೊಂದು ಬದಿಯಲ್ಲಿ ಅದು ಇರಲಿಲ್ಲ. ಗಡಿಯಂಚಿನಲ್ಲಿ ಫೋನು ನೆರೆಯ ವಲಯದ ಗೋಪುರವನ್ನು ಹಿಡಿಯುವುದೂ ಉಂಟು. ಬೀದರ್ ನಗರದ ಚಿದ್ರಿಯಲ್ಲಿಯೂ ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿಯೂ ಪರದೆಯ ಮೇಲೆ ಒಂದೇ 4ಜಿ ಗುರುತು ಕಾಣಬಹುದು. ಆದರೆ ಗೋಪುರದ ದೂರ, ತರಂಗಾಂತರದ ಪ್ರಮಾಣ, ಏಕಕಾಲದ ಬಳಕೆದಾರರ ಸಂಖ್ಯೆ ಮತ್ತು ಗೋಪುರವನ್ನು ಮುಖ್ಯ ಜಾಲಕ್ಕೆ ಜೋಡಿಸುವ ಸಂಪರ್ಕ ಇವುಗಳಿಗನುಸಾರ ವೇಗ ಬದಲಾಗುತ್ತದೆ.

ಗ್ರಾಹಕರ ದೃಷ್ಟಿಯಿಂದ

ಭಾರತದಲ್ಲಿ ವೇಗಕ್ಕೆ ಸಂಬಂಧಿಸಿದ ಸರ್ಕಾರಿ ವ್ಯಾಖ್ಯೆ ಇರುವುದು 'ಬ್ರಾಡ್‌ಬ್ಯಾಂಡ್' ಎಂಬ ಪದಕ್ಕೆ. ಅದರ ಕನಿಷ್ಠ ಮಿತಿ 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್ ಇದ್ದು, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 'ಮೈಸ್ಪೀಡ್' ಆ್ಯಪ್ ಮೂಲಕ ನೈಜ ವೇಗವನ್ನು ಅಳೆಯಬಹುದು. ಪ್ರಾಧಿಕಾರದ 2024ರ ಸೇವಾ ಗುಣಮಟ್ಟ ನಿಯಮಾವಳಿಯಂತೆ ಕಂಪನಿಗಳು 2ಜಿ, 3ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆಗಳನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕು. ಹೊಸ ಫೋನ್ ಅಥವಾ ಯೋಜನೆಯನ್ನು ಕೊಳ್ಳುವಾಗ ತಲೆಮಾರಿನ ಹೆಸರಿನ ಜೊತೆಗೆ ಈ ನಕ್ಷೆಯನ್ನೂ, ಸ್ಥಳೀಯ ಜಾಲದ ತರಂಗಾಂತರಗಳು ಫೋನಿಗೆ ಹೊಂದುತ್ತವೆಯೇ ಎಂಬುದನ್ನೂ ಪರಿಶೀಲಿಸುವುದು ಉಪಯುಕ್ತ.