ತಂತಿ ಹೊಡೆದ ಕೈ

ನಮ್ಮ ಬಾಗಲಕೋಟೆ ಕಡೆ 'ತಂತಿ ಬಂತು' ಅಂದ್ರೆ ಸಾಕಿತ್ತು, ಬಿಚ್ಚಿ ಓದೋಕೆ ಮುಂಚೆನೇ ಮನೆಯೊಳಗೆ ಅಳು ಶುರುವಾಗ್ತಿತ್ತು. ಆ ತಂತಿ ಹೊಡೀತಿದ್ದ ಹಿತ್ತಾಳೆಯ ಮೋರ್ಸ್ ಕೀಗಳನ್ನ ಈಗ ಹಳೇ ಸಾಮಾನಿನ ಹವ್ಯಾಸಿಗಳು ಹುಡುಕಿ ಕೊಳ್ತಾರೆ. ಹ್ಯಾಮ್ ರೇಡಿಯೋದವರಲ್ಲಿ ಕೆಲವರು ಇವತ್ತಿಗೂ ಅಂಥ ಕೀಯಲ್ಲೇ ಮಾತಾಡ್ತಾರೆ.

ನೋಡೋಕೆ ಅದು ಬರೀ ಸ್ವಿಚ್ಚು. ಮರದ ಹಲಗೆ, ಹಿತ್ತಾಳೆಯ ಸನ್ನೆ, ಒಂದು ಸ್ಪ್ರಿಂಗು, ತುದಿಗೆ ಕರೀ ಗುಂಡಿ. ಸಿನಿಮಾದಲ್ಲಿ ಕೇಳೋ 'ಪೀಂ ಪೀಂ' ರೇಡಿಯೋದ್ದು. ತಂತಿ ಆಫೀಸಿನಲ್ಲಿ ಇರ್ತಿದ್ದದ್ದು ಸೌಂಡರ್. ಕೀ ಒತ್ತಿದಾಗ ಒಂದು 'ಕಟ್', ಬಿಟ್ಟಾಗ ಇನ್ನೊಂದು. ನಡುವಿನ ಸಮಯ ಕಡಿಮೆ ಇದ್ರೆ ಚುಕ್ಕಿ, ಹೆಚ್ಚಿದ್ರೆ ಗೆರೆ. ಅಷ್ಟನ್ನ ಕೇಳಿಸಿಕೊಂಡೇ ಕೈಬರಹದಲ್ಲಿ ಇಳಿಸ್ತಿದ್ರು.

ಹೆಚ್ಚು ಬರೋ ಅಕ್ಷರಕ್ಕೆ ಚಿಕ್ಕ ಕೋಡ್ ಅನ್ನೋ ಹಫ್‌ಮನ್ ಕೋಡಿಂಗ್ ನಾವೆಲ್ಲ ಬಿಇನಲ್ಲಿ ಓದಿದ್ದು. ಹಫ್‌ಮನ್ ಅದನ್ನ ಪ್ರಕಟಿಸಿದ್ದು 1952ರಲ್ಲಿ. ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಹೊಡೆದಿದ್ದು 1844ರಲ್ಲಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರೋ 'ಇ'ಗೆ ಅವತ್ತೇ ಒಂದೇ ಚುಕ್ಕಿ! ನಮ್ಮ ಅಂಚೆ-ತಂತಿ ಇಲಾಖೆ ಶುಭಾಶಯಗಳಿಗೂ ನಂಬರು ಕೊಟ್ಟಿತ್ತು. ದೀಪಾವಳಿಗೊಂದು, ಮದುವೆಗೊಂದು. ಪೂರ್ತಿ ವಾಕ್ಯದ ಬದಲು ನಂಬರು ಹೊಡೆದ್ರೆ ಆಯ್ತು.

ಹೋಟಗಿ–ಗದಗ ಮೀಟರ್‌ಗೇಜ್ ರೈಲು 1884ರ ಹೊತ್ತಿಗೆ ಬಂತು. ಬಾಗಲಕೋಟೆ, ಬಾದಾಮಿ ಎರಡೂ ಅದೇ ದಾರಿಯಲ್ಲಿ. ಒಂಟಿ ಹಳಿ ಅಂದ್ಮೇಲೆ ಮುಂದಿನ ಸ್ಟೇಷನ್ನಿಗೆ ಸುದ್ದಿ ಹೋಗದೆ ಗಾಡಿ ಬಿಡೋ ಹಾಗಿಲ್ಲ. ಹಾಗಾಗಿ ರೈಲಿಗೆ ಹಳಿ ಎಷ್ಟು ಮುಖ್ಯವೋ ಪಕ್ಕದ ತಂತಿಯೂ ಅಷ್ಟೇ. ಹುನಗುಂದ, ಇಳಕಲ್ಲಿಗೆ ರೈಲಿರಲಿಲ್ಲ. ಸೀರೆ ವ್ಯಾಪಾರವಿರಲಿ, ಸಾವಿನ ಸುದ್ದಿಯಿರಲಿ, ಅವಸರ ಅಂದ್ರೆ ಟಪಾಲು ಆಫೀಸಿನ ತಂತಿಯೇ ಗತಿ.

2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ತಂತಿ ಸೇವೆ ನಿಲ್ಲಿಸಿದಾಗ 'ಕಟ್ ಕಟ್ ನಿಂತುಹೋಯ್ತು' ಅಂತ ಎಷ್ಟೋ ಜನ ಮರುಗಿದ್ರು. ನಿಜ ಅಂದ್ರೆ ಅದು ಎಂದೋ ನಿಂತಿತ್ತು. ಕೀ ಜಾಗಕ್ಕೆ ಟೆಲಿಪ್ರಿಂಟರ್ ಬಂದು, ಅದೂ ಹೋಗಿ ಕಂಪ್ಯೂಟರ್ ಬಂದಿತ್ತು. ನಮ್ಮಲ್ಲಂತೂ ಊರೇ ಜಾಗ ಬಿಡ್ತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿ, ಜನ ನವನಗರಕ್ಕೆ ಬಂದ್ರು. ಊರು ಕಿತ್ತು ಬರುವಾಗ ಮನೆ ಸಾಮಾನೇ ಭಾರ, ಯಾರಿಗೂ ಬೇಡದ ಹಿತ್ತಾಳೆ ಗುಜರಿಗೆ ಕಿಲೋ ಲೆಕ್ಕ.

ಹಾಗಾಗಿ ಉಳಿದಿರೋ ಕೀ ಸಿಕ್ಕಾಗ ರೇಟು ಕೇಳೋಕೆ ಮುಂಚೆ ಊರು ಕೇಳಿ. ಯಾವ ಆಫೀಸಿಂದು, ಯಾರ ಮನೆಯಿಂದ ಬಂತು ಅಂತ ಬರೆದಿಡಿ. ಹೊಳಪಿಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಚ್ಚೊತ್ತಿದ ಅಕ್ಷರ, ಬೆರಳಿಗೆ ಸವೆದ ಗುಂಡಿ, ಕಿಡಿಗೆ ಸುಟ್ಟ ತುದಿ, ಅದರ ಚರಿತ್ರೆ ಇರೋದೇ ಅಲ್ಲಿ.

ಇನ್ನೊಂದು ಮಾತು. ಒಬ್ಬೊಬ್ಬರು ಕೀ ಹೊಡೆಯೋ ಲಯ ಒಂದೊಂದು ಥರ. ಆ ಕಡೆ ಕೂತವರು ಹೆಸರು ಕೇಳದೆ ಆ ಲಯದಲ್ಲೇ ಆಳು ಯಾರು ಅಂತ ಗುರುತಿಸ್ತಿದ್ರು. ಹಿತ್ತಾಳೆ ನೂರು ವರ್ಷ ಬಾಳುತ್ತೆ, ಕೈ ಬಾಳಲ್ಲ. ನಿಮ್ಮ ಓಣಿಯಲ್ಲಿ ನಿವೃತ್ತ ತಂತಿ ಮಾಸ್ತರೋ ಸ್ಟೇಷನ್ ಮಾಸ್ತರೋ ಇದ್ರೆ, ಈ ಭಾನುವಾರವೇ ಕೀ ಮುಂದಿಟ್ಟು 'ಅಜ್ಜಾರ, ನಿಮ್ಮ ಹೆಸರು ಹೊಡೀರಿ' ಅನ್ನಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೀ ಆಮೇಲೂ ಸಿಗುತ್ತೆ.