ನಾಯಿಯ ಮೂತ್ರಕೋಶದ ಗಡ್ಡೆ ಕಣ್ಣಿಗೆ ಬಿದ್ದ ಕಥೆ

ನಾಯಿ ಉಚ್ಚೆಯಲ್ಲಿ ರಕ್ತ ಹೋದರೆ ನಾವು ‘ಉಷ್ಣ ಆಗಿದೆ’ ಅಂತ ಮಜ್ಜಿಗೆ ಹಾಕಿ ಸುಮ್ಮನಾಗ್ತೀವಿ. ಹೆಚ್ಚಾಗಿ ಅದು ಸೋಂಕೋ ಕಲ್ಲೋ ಇರುತ್ತೆ. ಒಮ್ಮೊಮ್ಮೆ ಮೂತ್ರಕೋಶದ ಕ್ಯಾನ್ಸರ್.

1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆ ಕೂಲಿಗಳ ಮೂತ್ರಕೋಶದಲ್ಲಿ ಗಡ್ಡೆ ಆಗುತ್ತಿರುವುದನ್ನು ವರದಿ ಮಾಡಿದರು. ಅದೇ ವರ್ಷ, ಅದೇ ದೇಶದಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದರು. ಆದರೆ ಎಕ್ಸ್-ರೇಯಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಗಡ್ಡೆ, ಮೂತ್ರ ಎರಡೂ ಒಂದೇ ಬೂದು ಬಣ್ಣ. 1905ರ ಹೊತ್ತಿಗೆ ಜರ್ಮನಿಯ ವೈದ್ಯರು ಮನುಷ್ಯರ ಮೂತ್ರಕೋಶಕ್ಕೆ ನಳಿಕೆಯಿಂದ ಬೆಳ್ಳಿಯ ದ್ರಾವಣ ತುಂಬಿ ಚಿತ್ರ ತೆಗೆದರು. ಗಡ್ಡೆ ಇದ್ದ ಕಡೆ ದ್ರಾವಣ ತುಂಬದೆ ಖಾಲಿ ಜಾಗ ಉಳಿಯುತ್ತಿತ್ತು. ಮುಂದೆ ಬೆಳ್ಳಿಯ ಬದಲು ಅಯೋಡಿನ್ ಬಂತು. ನಾಯಿ ಡಾಕ್ಟರುಗಳೂ ಇದೇ ದಾರಿ ಹಿಡಿದರು.

1938ರಲ್ಲಿ ಅಮೆರಿಕದ ವಿಲ್ಹೆಲ್ಮ್ ಹ್ಯೂಪರ್ ತಂಡ ಬಣ್ಣದ ಕಾರ್ಖಾನೆಯ ಒಂದು ರಾಸಾಯನಿಕವನ್ನು ನಾಯಿಗಳಿಗೆ ಕೊಟ್ಟಿತು. ಅವಕ್ಕೂ ಗಡ್ಡೆ ಎದ್ದವು. ಕೂಲಿಗಳ ಕಾಯಿಲೆಯ ಕಾರಣಕ್ಕೆ ಸಾಕ್ಷಿ ಹೇಳಿದ್ದು ಆ ನಾಯಿಗಳು. ಆ ಋಣ ಸಣ್ಣದಲ್ಲ.

ಕೊನೆಗೆ ಅಲ್ಟ್ರಾಸೌಂಡ್ ಬಂತು. ಪರದೆ ಮೇಲೆ ಮೂತ್ರ ಕಪ್ಪಗೆ, ಗಡ್ಡೆ ಬೂದಾಗಿ ಕಾಣುತ್ತದೆ. ಅಯೋಡಿನ್ ತುಂಬುವ ಕೆಲಸವಿಲ್ಲ. ಆದರೂ ಹಳೇ ಸೋಂಕಿನ ಬಾವು ಗಡ್ಡೆಯಂತೆಯೇ ಕಾಣಬಹುದು, ಜೀವಕೋಶ ಪರೀಕ್ಷೆ ಬೇಕೇ ಬೇಕು. ನಾಯಿಗಳಲ್ಲಿ ಈ ಗಡ್ಡೆ ಹೆಚ್ಚಾಗಿ ಮೂತ್ರಕೋಶದ ಕುತ್ತಿಗೆಯಲ್ಲೇ ಬೆಳೆಯುವುದರಿಂದ ಕೊಯ್ದು ತೆಗೆಯುವುದು ಕಷ್ಟ. ಬೆಳೆದರೆ ಮೂತ್ರವೇ ಕಟ್ಟುತ್ತದೆ.

ಮಾತ್ರೆಗೆ ನಿಂತ ರಕ್ತ ಕೆಲವು ವಾರ ಬಿಟ್ಟು ಮತ್ತೆ ಬಂದರೆ, ‘ಹೊಟ್ಟೆ ಸ್ಕ್ಯಾನ್ ಮಾಡ್ಬೇಕಾ ಸರ್?’ ಅಂತ ಪಶುವೈದ್ಯರನ್ನು ಕೇಳಿ.